ಕಾರಿಲ್ಲದ ಶೆಡ್ಡಿನ ಕೆಂಡ

ಗಿರಿಜಾ, ನಿನಗೆ ಬಾಣಂತಿ ಸನ್ನಿ ಬಂದಿರಲಿಲ್ಲ. ಅವತ್ತೂ ಬಂದಿರಲಿಲ್ಲ, ಆಮೇಲೂ ಬರಲಿಲ್ಲ. ನಿನ್ನ ತಲೆ ಕೆಡಿಸಿದ್ದು ನಾನು ಇಟ್ಟ ಕೆಂಡ. ಇದು ನನಗೆ ಇವತ್ತು ನಿನ್ನೆ ಗೊತ್ತಾದದ್ದಲ್ಲ — ನಿನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರಲ್ಲ, ಅವತ್ತೇ ಗೊತ್ತಾಗಿತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಇಷ್ಟು ವರ್ಷ ನಿನ್ನ ಜೊತೆ ಒಂದೇ ಮನೆಯಲ್ಲಿ ಉಂಡಿದ್ದೇನೆ, ನಿನ್ನ ಪಕ್ಕದಲ್ಲಿ ಕೂತು ಟೀವಿ ನೋಡಿದ್ದೇನೆ, ನಿನ್ನ ತಲೆಗೆ ಎಣ್ಣೆ ಹಚ್ಚಿದ್ದೇನೆ.

ನೋಡು, ಹೇಳಿಬಿಟ್ಟೆ. ಆದರೆ ಹೇಳಿದ್ದು ನಿನಗಲ್ಲ, ಅಡುಗೆಮನೆಯ ಗೋಡೆಗೆ. ನೀನು ಮೇಲೆ, ಶೆಡ್ಡಿನ ಮೇಲಿನ ಕೋಣೆಯಲ್ಲಿ, ದೇವರಾಜ ಮೊಹಲ್ಲಾದ ಅಂಗಡಿಯವರು ಕೊಟ್ಟ ಸೀರೆಗಳಿಗೆ ಫಾಲ್ ಹೊಲಿಯುತ್ತಾ ಕೂತಿದ್ದೀಯ. ನಾನು ಇಲ್ಲಿ ಬೇಳೆ ಬೇಯಲು ಇಟ್ಟು, ನಿನ್ನೆದುರು ಹೇಳಬೇಕಾದ್ದನ್ನು ಬಾಯಿಪಾಠ ಮಾಡುತ್ತಿದ್ದೇನೆ. ಯಾಕೆಂದರೆ ನನ್ನ ಬಾಯಿಯ ಮೇಲೆ ನನಗೇ ನಂಬಿಕೆಯಿಲ್ಲ. ತರಕಾರಿಯವನ ಹತ್ತಿರ, ಹಾಲಿನವನ ಹತ್ತಿರ, ನಿಮ್ಮಣ್ಣ ಬದುಕಿದ್ದಾಗ ಅವರ ಹತ್ತಿರ — ಎಲ್ಲಿ ಬೇಡವೋ ಅಲ್ಲೆಲ್ಲ ಪಟಪಟ ಅನ್ನುವ ಬಾಯಿ ಇದು. ಬೇಕಾದ ಕಡೆ ಮಾತ್ರ ಹೊಲಿದುಕೊಂಡು ಕೂತಿತ್ತು.

ಮೊದಲಿಂದ ಹೇಳುತ್ತೇನೆ. ನೀನು ಮರೆತಿರುವುದೂ ಇರಬಹುದು. ಆ ದಿನಗಳದ್ದು ನಿನಗೆ ಏನೇನು ಉಳಿದಿದೆ ಅಂತ ಕೇಳುವ ಧೈರ್ಯ ನನಗೆ ಯಾವತ್ತೂ ಬರಲಿಲ್ಲ.

ನಿಮ್ಮಣ್ಣ ಈ ಮನೆ ಕಟ್ಟಿಸಿದಾಗ ದಟ್ಟಗಳ್ಳಿ ಕಡೆ ಬರೀ ಸೈಟುಗಳು, ಲಾಂಟಾನ ಪೊದೆ, ನಡುವೆ ಅಲ್ಲೊಂದು ಇಲ್ಲೊಂದು ಮನೆ. ಮೇಟಗಳ್ಳಿಯ ಕಾರ್ಖಾನೆಗೆ ಸ್ಕೂಟರಿನಲ್ಲಿ ಹೋಗಿ ಬರುತ್ತಿದ್ದ ಮನುಷ್ಯ, ಮನೆಗೆ ಮಾತ್ರ ಕಾರ್ ಶೆಡ್ಡು ಬೇಕು ಅಂತ ಹಟ ಹಿಡಿದರು. "ಕಾರೆಲ್ಲಿದೆ?" ಅಂದರೆ "ಶೆಡ್ಡಿದ್ರೆ ಕಾರು ತಾನಾಗೇ ಬರುತ್ತೆ ಕಣೇ" ಅನ್ನೋರು. ಕಾರು ಬರಲಿಲ್ಲ. ಶೆಡ್ಡಿನಲ್ಲಿ ಸ್ಕೂಟರೂ ನಿಲ್ಲುತ್ತಿರಲಿಲ್ಲ, ಅದು ನಡುಮನೆಯಲ್ಲಿ ನಿಲ್ಲುತ್ತಿತ್ತು. ಶೆಡ್ಡಿನಲ್ಲಿದ್ದದ್ದು ಮನೆ ಕಟ್ಟಿ ಉಳಿದ ಸಿಮೆಂಟ್ ಚೀಲ, ಗಾರೆ ಕಲಸುವ ಕಬ್ಬಿಣದ ಬಾಂಡ್ಲಿ, ಒಂದು ಹಳೇ ಡ್ರಮ್ಮು. ಅದರ ಮೇಲೊಂದು ಕೋಣೆ, ಹೊರಗಿನಿಂದ ಕಿರಿದಾದ ಮೆಟ್ಟಿಲು. ಬಾಡಿಗೆಗೆ ಕೊಡೋಣ ಅಂತ ಕಟ್ಟಿಸಿದ್ದು. ಬಚ್ಚಲಿನ ಪೈಪಿಗೆ ಅಂತ ನೆಲದ ಮೂಲೆಯಲ್ಲಿ ಒಂದು ತೂತು ಬಿಟ್ಟಿದ್ದರು, ಕೈ ತೂರುವಷ್ಟು. ಪೈಪು ಬರಲೇ ಇಲ್ಲ, ತೂತಿಗೆ ಬಟ್ಟೆ ತುರುಕಿ ಬಿಟ್ಟಿದ್ದೆವು.

ನಿಮ್ಮಮ್ಮ ತೀರಿಕೊಂಡು ವರ್ಷವೂ ಆಗಿರಲಿಲ್ಲ. ಅಮ್ಮನಿಲ್ಲದ ಹುಡುಗಿಯ ಬಾಣಂತನ ಯಾರು ಮಾಡಬೇಕು? ಅತ್ತಿಗೆ ಮಾಡಬೇಕು. ನಾನು ಎದೆ ಉಬ್ಬಿಸಿ ಮಾಡಿದೆ. ನನಗೆ ಮಕ್ಕಳಿಲ್ಲ — ಇದನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಮಕ್ಕಳಿಲ್ಲದವಳಿಗೆ ಬಾಣಂತನ ಏನು ಗೊತ್ತು ಅಂತ ನಿಮ್ಮತ್ತೆ ಆಸ್ಪತ್ರೆಯಲ್ಲೇ ಒಂದು ಮಾತು ಎಸೆದಿದ್ದರು. ಆ ಮಾತು ನನ್ನನ್ನು ಚುಚ್ಚುತ್ತಲೇ ಇತ್ತು. ತೋರಿಸುತ್ತೇನೆ ನೋಡಿ, ಅಂದುಕೊಂಡೆ.

ಕೆಳಗೆ ಹೋಗಿ ಬರುವವರ ಗದ್ದಲ, ನಿಮ್ಮಣ್ಣನ ಪಾಳಿ ಕೆಲಸ. ಹಾಗಾಗಿ ನಿನ್ನನ್ನೂ ಹಸುಗೂಸನ್ನೂ ಮೇಲಿನ ಕೋಣೆಗೆ ಏರಿಸಿದೆ. ಮಂಚ ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಹಾಕಿಕೊಂಡು ಮೇಲೆ ಹೋಗಲೇ ಇಲ್ಲ. ಹಾಸಿಗೆಯನ್ನು ನೆಲದ ಮೇಲೇ ಹಾಸಬೇಕಾಯಿತು. ಆಗ ಗೊತ್ತಾಯಿತು ಆ ನೆಲ ಎಂಥದು ಅಂತ. ಮನೆಯ ಬೇರೆ ನೆಲಕ್ಕೆಲ್ಲ ಕೆಳಗೆ ಮಣ್ಣಿದೆ. ಇದಕ್ಕೆ ಕೆಳಗೆ ಖಾಲಿ ಶೆಡ್ಡು, ಶಟರಿನ ಕೆಳಗಿಂದ ಬಯಲಿನ ಗಾಳಿ ನೇರ ಒಳಗೆ. ಪುಷ್ಯ ಮಾಸ ಬೇರೆ. ಮೊಸಾಯಿಕ್ಕಿನ ಮೇಲೆ ಕಾಲಿಟ್ಟರೆ ಚಳಿ ಮಂಡಿವರೆಗೆ ಏರುತ್ತಿತ್ತು.

ಎಷ್ಟು ಹಾಸಿದೆ ಆ ನೆಲಕ್ಕೆ! ಗೋಣಿಚೀಲ, ಅದರ ಮೇಲೆ ಈಚಲು ಚಾಪೆ, ಅದರ ಮೇಲೆ ಜಮಖಾನ, ಅದರ ಮೇಲೆ ಕಂಬಳಿ. ಬೆಳಿಗ್ಗೆ ಎತ್ತಿ ನೋಡಿದರೆ ಕಂಬಳಿಯ ಅಡಿ ತಣ್ಣಗೆ, ಒದ್ದೆ ಅನ್ನಿಸುವಷ್ಟು ತಣ್ಣಗೆ. ನಿಮ್ಮಣ್ಣ ಯಾರದೋ ಮನೆಯಿಂದ ಕರೆಂಟಿನ ಹೀಟರ್ ತಂದರು. ಹಾಕಿದ ಕೂಡಲೇ ಮನೆಯ ಫ್ಯೂಸೇ ಹೋಯಿತು. ಮಗುವಿನ ಪಾದ ಮುಟ್ಟಿದರೆ ಹಿಮ. ನೀನು "ಅತ್ತಿಗೆ, ಬೆನ್ನಿನಲ್ಲಿ ನೀರು ಹರಿದ ಹಾಗಾಗುತ್ತೆ" ಅನ್ನುತ್ತಿದ್ದೆ.

ನಮ್ಮಮ್ಮನ ಮನೆಯಲ್ಲಿ ಬಾಣಂತಿಯ ಮಂಚದ ಕೆಳಗೆ ಅಗ್ಗಿಷ್ಟಿಕೆ ಇಡುವುದು ನೋಡಿ ಬೆಳೆದವಳು ನಾನು. ಮಣ್ಣಿನ ಅಗ್ಗಿಷ್ಟಿಕೆಯಲ್ಲಿ ಕೆಂಡ, ಮೇಲೆ ಒಂದಿಷ್ಟು ಸಾಂಬ್ರಾಣಿ. ಆ ಮನೆಗೆ ಹೆಂಚಿನ ಸೂರು, ಸಂದುಗೊಂದಿನಿಂದ ಆಕಾಶ ಕಾಣುತ್ತಿತ್ತು. ಈ ಮನೆಗೆ ಕಾಂಕ್ರೀಟಿನ ಮೋಲ್ಡು, ಗಾಜಿನ ಕಿಟಕಿ. ಆ ವ್ಯತ್ಯಾಸ ನನ್ನ ತಲೆಗೆ ಹೊಳೆಯಲೇ ಇಲ್ಲ. ನನಗೆ ಹೊಳೆದದ್ದು ಬೇರೆ — ಕೆಂಡವನ್ನು ಮಗುವಿನ ಪಕ್ಕ ಇಟ್ಟರೆ ಕಿಡಿ ಹಾರೀತು; ಕೆಳಗೆ ಶೆಡ್ಡಿನಲ್ಲಿಟ್ಟರೆ ನೆಲಕ್ಕೆ ನೆಲವೇ ಕಾಯುತ್ತದಲ್ಲ! ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ನಿನಗೆ ಎರೆದಾದ ಮೇಲೆ ಬಚ್ಚಲೊಲೆಯಲ್ಲಿ ಉಳಿದ ಕೆಂಡವನ್ನು ಗಾರೆ ಬಾಂಡ್ಲಿಗೆ ತುಂಬಿ, ಮೇಲೆ ಇದ್ದಿಲು ಸುರಿದು, ಹೊಗೆ ಪೂರ್ತಿ ಆರುವವರೆಗೆ ಹಿತ್ತಲಲ್ಲಿ ಬಿಡುತ್ತಿದ್ದೆ. ಹೊಗೆಯಿಲ್ಲದ ಕೆಂಪು ಕೆಂಡ ಆದ ಮೇಲೇ ಶೆಡ್ಡಿಗೆ ಒಯ್ದು, ಡ್ರಮ್ಮಿನ ಮೇಲಿಟ್ಟು, ಶಟರ್ ಎಳೆದು, ಅದರ ಕೆಳಗಿನ ಸಂದಿಗೆ ಗೋಣಿ ಒತ್ತುತ್ತಿದ್ದೆ. ಹೊಗೆಯೇ ಇಲ್ಲ ಅಂದ ಮೇಲೆ ಏನು ಭಯ? ಇನ್ನೂ ಒಂದು ಮಾಡಿದೆ. ಮೂಲೆಯ ತೂತಿಗೆ ತುರುಕಿದ್ದ ಬಟ್ಟೆಯನ್ನು ಕಿತ್ತು, ಮೇಲೊಂದು ಬಿದಿರಿನ ಕುಕ್ಕೆ ಬೋರಲು ಹಾಕಿದೆ. ಬಿಸಿಗಾಳಿ ಮೇಲೆ ಬರಲಿ ಅಂತ. ಬಾಣಂತಿಗೆ ಶೀತಗಾಳಿ ತಾಗಬಾರದು ಅಂತ ಕಿಟಕಿಯ ಸಂದಿಗೆಲ್ಲ ಹಳೇ ಸೀರೆ ಹರಿದು ತುಂಬಿದ್ದೆ, ಬಾಗಿಲಿನ ಅಡಿಗೂ. ಒಂದು ಇರುವೆ ಹೋಗದ ಹಾಗೆ.

ನೆಲ ಬೆಚ್ಚಗಾಯಿತು, ಗಿರಿಜಾ. ಅಯ್ಯೋ, ಆ ಮೊದಲ ದಿನ ನೀನು ಬರಿಗಾಲಲ್ಲಿ ಓಡಾಡಿ ನಕ್ಕದ್ದು! "ಅತ್ತಿಗೆ, ಅಮ್ಮನ ಮಡಿಲಲ್ಲಿ ಕೂತಂಗದೆ" ಅಂದೆ. ನಾನು ಕಣ್ಣು ಒರೆಸಿಕೊಂಡೆ. ಮಗು ಒಂದೇ ಸಮನೆ ನಿದ್ದೆ. ಕೆನ್ನೆ ಕೆಂಪಗೆ, ದಾಸವಾಳದ ಮೊಗ್ಗಿನ ಹಾಗೆ. ನೋಡಲು ಬಂದವರೆಲ್ಲ, "ಏನು ಆರೈಕೆನಮ್ಮ! ಮಗು ಅಳೋದೇ ಇಲ್ವಲ್ಲ" ಅಂದರು. ನಾನು ಉಬ್ಬಿಹೋದೆ. ಅಳಲು ಅದಕ್ಕೆ ಶಕ್ತಿಯಿರಲಿಲ್ಲ ಅಂತ ಯಾರಿಗೆ ಗೊತ್ತು.

ಆಮೇಲೆ ನಿನಗೆ ತಲೆನೋವು ಶುರುವಾಯಿತು. ತಿಂದದ್ದು ನಿಲ್ಲುತ್ತಿರಲಿಲ್ಲ. ನಂಜಾಗಿದೆ ಅಂತ ಮೆಣಸಿನ ಸಾರು ಕೊಟ್ಟೆ. ಕೆಳಗೆ ನಡುಮನೆಗೆ ಬಂದು ಕೂತರೆ ಗೆಲುವಾಗಿರುತ್ತಿದ್ದೆ. ಮೇಲೆ ಹೋದರೆ ಮತ್ತೆ ಮಂಕು. ಇದು ನನ್ನ ಕಣ್ಣಿಗೆ ಬಿದ್ದಿತ್ತು. ಬಿದ್ದದ್ದನ್ನು ನಾನು ನೋಡಲಿಲ್ಲ. ಕೋಣೆ ತಣ್ಣಗಾಯಿತೇನೋ ಅಂತ ಇನ್ನೊಂದು ಬೊಗಸೆ ಇದ್ದಿಲು ಹಾಕಿದೆ.

ಒಂದು ಬೆಳಿಗ್ಗೆ, ನಿನಗೆ ಪಥ್ಯದ ಊಟ ತಂದಾಗ, ನೀನು ಮೂಲೆಯ ಕುಕ್ಕೆಯ ಕಡೆ ಬೆರಳು ಮಾಡಿ ಮೆಲ್ಲಗೆ ಕೇಳಿದೆ. "ಅತ್ತಿಗೆ, ಆಯಮ್ಮ ಯಾರು?"

ನಾನು ತಟ್ಟೆ ಕೆಳಗಿಟ್ಟು ಮೂಲೆಯ ಕಡೆ ತಿರುಗಿದೆ. ಅಲ್ಲಿ ಕುಕ್ಕೆ ಬಿಟ್ಟು ಏನೂ ಇರಲಿಲ್ಲ.

"ಮೂಲೇಲಿ ಒಬ್ಬಳು ವಯಸ್ಸಾದವಳು ಕೂತವ್ಳೆ. ಒಂದು ಕೈ ಮುಂದಕ್ಕೆ ಚಾಚಿ ಬೆಂಕಿ ಕಾಯಿಸ್ಕೋತಾವ್ಳೆ. ಇನ್ನೊಂದು ಕೈಲಿ ಸೆರಗನ್ನ ಬಾಯಿಗೆ ಒತ್ತಿ ಹಿಡಿದವ್ಳೆ. ಕನ್ನಡಕ ಹಾಕವ್ಳೆ, ಅದರ ಕಡ್ಡಿಗೆ ಬಿಳೀ ದಾರ ಸುತ್ತದೆ. ಏನೋ ಹೇಳಾಕೆ ಬಂದಂಗೆ ನೋಡ್ತಾಳೆ ಅತ್ತಿಗೆ. ಬಾಯಿ ಬಿಡಲ್ಲ."

"ನಿಮ್ಮಮ್ಮನೇನೇ?" ಅಂದೆ.

"ಅಮ್ಮ ಅಲ್ಲ. ಅಮ್ಮ ಆಗಿದ್ರೆ ನಂಗೆ ಭಯ ಯಾಕಾಗ್ತಿತ್ತು?"

ನಿಮ್ಮಣ್ಣ ಮಠದಿಂದ ವಿಭೂತಿ ತಂದರು. ನಾನು ನಾಲ್ಕು ಗೋಡೆಗೂ ಹಚ್ಚಿದೆ, ನಿನ್ನ ಹಣೆಗೂ ಮಗುವಿನ ಹಣೆಗೂ ಹಚ್ಚಿದೆ. ನೀನು ಮಾತ್ರ ಮೂಲೆಯನ್ನೇ ನೋಡುತ್ತಿದ್ದೆ. ಆ ನೋಟ ನೋಡಲಾಗದೆ ನಾನು ಮಾರನೆಯ ಬೆಳಿಗ್ಗೆ ಕೆಂಡ ಇಟ್ಟು ಬಂದವಳೇ ಬಾಗಿಲು ಹಾಕಿಕೊಂಡು ನಿನ್ನ ಪಕ್ಕ ಕೂತೆ. ನಿನ್ನ ಭಯ ಬಿಡಿಸಬೇಕು ಅಂತ. ಮಗುವಿನ ಕುಲಾವಿ ಹೆಣೆಯುತ್ತಾ ತುಂಬಾ ಹೊತ್ತು ಕೂತಿದ್ದೆ. ತಲೆ ಭಾರವಾಯಿತು, ಕಣ್ಣಿನ ಹಿಂದೆ ಯಾರೋ ಒತ್ತಿದ ಹಾಗೆ. ಹೆಣಿಗೆ ಕಡ್ಡಿ ಕೈಯಿಂದ ಜಾರಿತು. ಎತ್ತಿಕೊಳ್ಳಲು ಬಗ್ಗಿದವಳು ಮೂಲೆ ನೋಡಿದೆ.

ಅವಳು ಕೂತಿದ್ದಳು.

ಇದನ್ನು ನಾನು ಯಾರಿಗೂ ಹೇಳಿಲ್ಲ. ಬಿಳಿ ಕೂದಲು. ಚಾಚಿದ ಕೈ. ಬಾಯಿಗೆ ಒತ್ತಿದ ಸೆರಗು. ಕನ್ನಡಕದ ಗಾಜಿನಲ್ಲಿ ಕಿಟಕಿಯ ಬೆಳಕು ಹೊಳೆದು ಕಣ್ಣು ಕಾಣಲಿಲ್ಲ — ಆದರೆ ನನ್ನನ್ನೇ ನೋಡುತ್ತಿದ್ದಳು, ಅಷ್ಟು ಗೊತ್ತಾಗುತ್ತಿತ್ತು. ನೀನು ನನ್ನ ಮುಖ ನೋಡಿ ತೋಳು ಹಿಡಿದುಕೊಂಡೆ. "ನಿಮಗೂ ಕಂಡಳಾ ಅತ್ತಿಗೆ? ಕಂಡಳು ಅಲ್ವಾ?" ಎಷ್ಟು ಆಸೆಯಿಂದ ಕೇಳಿದೆ! ಕಂಡಳು ಅಂದಿದ್ದರೆ ಸಾಕಿತ್ತು. ಇಬ್ಬರಿಗೂ ಕಂಡಿದ್ದು ಒಬ್ಬಳ ಹುಚ್ಚಾಗುತ್ತಿರಲಿಲ್ಲ. ಯಾರಾದರೂ ಆ ಕೋಣೆಯನ್ನೇ ಅನುಮಾನಿಸುತ್ತಿದ್ದರು.

ನಾನು ಅಂದೆ: "ಅಲ್ಲೇನೂ ಇಲ್ಲ ಕಣೇ. ನಿನಗೇ ಹಂಗೆ ಕಾಣ್ತದೆ."

ಯಾಕೆ ಅಂದೆ? ನಾನೂ ಹೆದರಿದೆ ಅಂದರೆ ನೀನು ಇನ್ನೂ ಹೆದರುತ್ತೀಯ ಅಂತ — ಹಾಗಂತ ನನಗೆ ನಾನೇ ಹೇಳಿಕೊಂಡೆ. ನಿಜವಾಗಿ, ಬಾಣಂತನ ಕೆಟ್ಟಿತು ಅಂತ ಒಪ್ಪಿಕೊಳ್ಳಲು ನನ್ನ ಬಿಗುಮಾನ ಬಿಡಲಿಲ್ಲ. ನೀನು ನನ್ನ ತೋಳು ಬಿಟ್ಟೆ. ನಿನ್ನ ಕೈ ಬಿಟ್ಟ ಜಾಗ ನನಗೆ ಇವತ್ತಿಗೂ ಗೊತ್ತಿದೆ, ಇಲ್ಲಿ, ಮೊಣಕೈಯ ಮೇಲೆ.

ಅದಾದ ಎರಡು ದಿನಕ್ಕೇ ನಿಮ್ಮತ್ತೆ, ನಿನ್ನ ಗಂಡ ಲೋಕೇಶ ಇಬ್ಬರೂ ನಾಮಕರಣದ ಮಾತಾಡಲು ಬಂದರು. ಹೊರಗೆ ಬೆಳಗಿನ ಮಂಜು ಇನ್ನೂ ಕರಗಿರಲಿಲ್ಲ, ಎದುರಿನ ಸೈಟು ಕಾಣುತ್ತಿರಲಿಲ್ಲ. ನಾನು ಅವರಿಗೆ ಕಾಫಿ ಕೊಡುತ್ತಿದ್ದೆ. ಮೇಲೆ ಬಾಗಿಲು ದಡಾರ್ ಅಂತ ಬಡಿದ ಸದ್ದು. ಹೊರಗೆ ಬಂದು ನೋಡಿದರೆ ನೀನು ಮೆಟ್ಟಿಲಿಳಿಯುತ್ತಿದ್ದೆ — ತಲೆಯ ಕಟ್ಟು ಬಿಚ್ಚಿಹೋಗಿದೆ, ಕಿವಿಯಲ್ಲಿ ಹತ್ತಿಯಿಲ್ಲ, ಸೆರಗು ನೆಲ ಗುಡಿಸುತ್ತಿದೆ. ಎದೆಗೆ ಮಗು. ಬಿದ್ದೆ, ಎದ್ದೆ, ಗೇಟು ದಾಟಿ ಎದುರಿನ ಸೈಟಿನ ಮಂಜಿನಲ್ಲಿ ನಿಂತುಬಿಟ್ಟೆ. ಮಗುವಿನ ಮೈಮೇಲಿನ ಬಟ್ಟೆಯನ್ನೆಲ್ಲ ಕಿತ್ತು ಎಸೆದು, ಬರಿಮೈ ಕೂಸನ್ನು ಗಾಳಿಗೆ ಎತ್ತಿ ಹಿಡಿದೆ.

"ಒಳಗೆ ತಗೊಂಡೋಗಬೇಡಿ! ಆ ರೂಮು ಉಸಿರು ನುಂಗ್ತದೆ! ನನ್ ಮಗೂ ಉಸಿರು ನುಂಗ್ತದೆ!"

ಆಗ ಮಗು ಅತ್ತಿತು. ಎಷ್ಟೋ ದಿನದ ಮೇಲೆ, ಗಂಟಲು ಹರಿಯುವ ಹಾಗೆ ಅತ್ತಿತು.

ನಿಮ್ಮತ್ತೆ ಓಡಿಹೋಗಿ ಕಸಿದುಕೊಂಡರು. "ಸನ್ನಿ ಬಂದದೆ ಇವಳಿಗೆ! ಮಗೂನ ಚಳೀಲಿ ಸಾಯಿಸೋಕೆ ನಿಂತವಳೆ!" ಅಂದರು. ಲೋಕೇಶ ನಿನ್ನ ಕೈ ಹಿಂದಕ್ಕೆ ತಿರುಗಿಸಿ ಹಿಡಿದ. ನಿಮ್ಮಣ್ಣ ಆಟೋ ಕರೆತಂದರು. ನೀನು ಹೋಗುತ್ತಾ ನನ್ನನ್ನೇ ನೋಡುತ್ತಿದ್ದೆ. ನಿಮ್ಮತ್ತೆ ಮಗುವನ್ನು ಮಡಿಲಿಗೆ ಹಾಕಿಕೊಂಡು ಅವತ್ತೇ ತಮ್ಮ ಮನೆಗೆ ಹೊರಟರು. ಅಲ್ಲಿ ನಿನ್ನ ನಾದಿನಿ ಹಾಲೂಡಿಸುವವಳಿದ್ದಾಳೆ ಅಂದರು.

ಮನೆ ಖಾಲಿಯಾಯಿತು. ಕೆಂಡ ನೆನಪಾಗಿ ಶೆಡ್ಡಿನ ಶಟರ್ ಎತ್ತಿದೆ. ಸಿಮೆಂಟ್ ಚೀಲಗಳ ಮೇಲೆ ಒಂದು ಬೀದಿ ಬೆಕ್ಕು ಮರಿ ಹಾಕಿತ್ತು — ನಿನಗೆ ಹೇಳಿದ್ದೆನಲ್ಲ, ಶೆಡ್ಡಿನಲ್ಲೂ ಒಬ್ಬಳು ಬಾಣಂತಿ ಇದ್ದಾಳೆ, ಅವಳಿಗೂ ಬೆಚ್ಚಗಾಗಲಿ ಅಂತ. ನೀನು ನಕ್ಕಿದ್ದೆ. ಅದು ಮರಿಗಳನ್ನು ಹೊಟ್ಟೆಗೆ ಅವುಚಿಕೊಂಡು ಮಲಗಿತ್ತು. ಮುಟ್ಟಿದೆ. ತಾಯಿ, ಮರಿಗಳು, ಎಲ್ಲವೂ ಸತ್ತಿದ್ದವು. ಮೈಮೇಲೆ ಒಂದು ಗೀರಿಲ್ಲ, ಬಾಯಲ್ಲಿ ನೊರೆಯಿಲ್ಲ. ಮರಿಗಳ ಬಾಯಿ ಇನ್ನೂ ಮೊಲೆಯ ಹತ್ತಿರವೇ ಇತ್ತು. ನಾನು ತಲೆ ಎತ್ತಿ ಮೇಲೆ ನೋಡಿದೆ. ನೇರ ಮೇಲೆ ಆ ತೂತು. ಅದರ ಮೇಲೆ ಕುಕ್ಕೆ. ಅದರ ಪಕ್ಕದಲ್ಲೇ ನಿನ್ನ ಹಾಸಿಗೆ.

ಅರ್ಥವಾಗಲಿಲ್ಲ ಅಂತ ಸುಳ್ಳು ಹೇಳುವುದಿಲ್ಲ. ಹೇಗೆ, ಏನು ಅನ್ನುವುದು ಗೊತ್ತಿರಲಿಲ್ಲ. ಆದರೆ ಕೆಂಡವೇ ಅಂತ ಗೊತ್ತಾಯಿತು. ಬೆಕ್ಕುಗಳನ್ನು ಹಿತ್ತಲಿನ ಕರಿಬೇವಿನ ಬುಡದಲ್ಲಿ ಹೂತೆ. ಕೆಂಡಕ್ಕೆ ನೀರು ಸುರಿದೆ. ಬಾಂಡ್ಲಿ ತಿಕ್ಕಿ ತೊಳೆದೆ. ಮೇಲೆ ಹೋಗಿ ಕುಕ್ಕೆ ತೆಗೆದು, ತೂತಿಗೆ ಬಟ್ಟೆ ತುರುಕಿ, ಕಿಟಕಿಯ ಚಿಂದಿಗಳನ್ನೆಲ್ಲ ಕಿತ್ತೆ. ನಿಮ್ಮಣ್ಣ ಆಸ್ಪತ್ರೆಯಿಂದ ಬರುವುದರೊಳಗೆ ಎಲ್ಲ ಮುಗಿಸಿದ್ದೆ. ತಪ್ಪು ಮಾಡದವಳು ಇಷ್ಟು ಅಚ್ಚುಕಟ್ಟಾಗಿ ಗುಡಿಸುವುದಿಲ್ಲ, ಅಲ್ಲವೇ?

ಈಗ ಹೇಳುವುದೇ ನಿಜವಾದ ಪಾಪ. ಇದುವರೆಗೆ ಹೇಳಿದ್ದು ದಡ್ಡತನ.

ಆಸ್ಪತ್ರೆಯಲ್ಲಿ ನೀನು ಎರಡನೇ ದಿನಕ್ಕೇ ಸರಿಹೋಗಿದ್ದೆ. ಮಗು ಎಲ್ಲಿ ಅಂತ ಅಳುತ್ತಿದ್ದೆ, ಅಷ್ಟೇ. ಮೂಲೆಯಲ್ಲಿ ಯಾರೂ ಕಾಣುತ್ತಿರಲಿಲ್ಲ. ಅಲ್ಲಿನ ಡಾಕ್ಟರು, ಆಗಷ್ಟೇ ಮೀಸೆ ಚಿಗುರಿದ ಹುಡುಗ, ನನ್ನನ್ನು ಪಕ್ಕಕ್ಕೆ ಕರೆದ. "ಇಷ್ಟು ಬೇಗ ಸರಿಯಾಗೋದು ನೋಡಿದ್ರೆ ಅನುಮಾನ ಬರುತ್ತಮ್ಮ. ಬಾಣಂತಿ ಕೋಣೇಲಿ ಕೆಂಡ ಇಡ್ತಿದ್ರಾ? ಹೊಗೆ ಇಲ್ದಿದ್ರೂ ಮುಚ್ಚಿದ ಕೋಣೇಲಿ ಅದರ ಗಾಳಿ ವಿಷ. ವಾಸನೆನೂ ಬರಲ್ಲ. ತಲೆನೋವು, ವಾಂತಿ, ಇಲ್ಲದ್ದೆಲ್ಲ ಕಾಣೋದು — ಜೀವಾನೇ ಹೋಗುತ್ತೆ."

ದೇವರೇ ಆ ಹುಡುಗನ ಬಾಯಲ್ಲಿ ಕೂತು ಕೇಳಿಸಿದ. ನಿಜ ಹೇಳಲು ಬಾಗಿಲು ತೆರೆದೇ ಇತ್ತು. ನಾನು ಒಂದು ಮಾತು ಆಡಿದ್ದರೆ ಅವತ್ತು ಸಂಜೆಯೇ ಮಗು ನಿನ್ನ ಮಡಿಲಿಗೆ ಬರುತ್ತಿತ್ತು.

"ಇಲ್ಲ ಸಾರ್. ಕೋಣೇಲಿ ಇಡ್ತಿರ್ಲಿಲ್ಲ," ಅಂದೆ.

ಕೋಣೆಯಲ್ಲಿ ಇಡುತ್ತಿರಲಿಲ್ಲ. ಶೆಡ್ಡಿನಲ್ಲಿ ಇಡುತ್ತಿದ್ದೆ. ಸುಳ್ಳು ಹೇಳಲಿಲ್ಲ ಅಂತ ಆಸ್ಪತ್ರೆಯ ಮೆಟ್ಟಿಲಿಳಿಯುತ್ತಾ ನನಗೆ ನಾನೇ ಹೇಳಿಕೊಂಡೆನಲ್ಲ, ನನ್ನ ನಾಲಿಗೆ ಸೇದಿಹೋಗಬಾರದಿತ್ತೇ! ಡಾಕ್ಟರು ತಲೆಯಾಡಿಸಿ, ಹಾಗಾದರೆ ಸನ್ನಿಯೇ ಇರಬೇಕು, ಮತ್ತೆ ಬರಬಹುದು ಅಂತ ಮಾತ್ರೆ ಬರೆದ.

ಯಾಕೆ ಹೇಳಲಿಲ್ಲ? ಮಕ್ಕಳಿಲ್ಲದವಳು ಹೊಟ್ಟೆಕಿಚ್ಚಿಗೆ ಕೆಳಗಿಂದ ಹೊಗೆ ಹಾಕಿದಳು ಅನ್ನುತ್ತಾರೆ ಅಂತ. ಖಂಡಿತ ಅನ್ನುತ್ತಿದ್ದರು. ಅನ್ನಲಿ, ಏನಾಗುತ್ತಿತ್ತು? ನನ್ನ ಹೆಸರು ಕೆಡುತ್ತಿತ್ತು. ಅದರ ಬದಲು ನಿನ್ನ ಹೆಸರು ಕೆಡಲಿ ಅಂತ ಬಿಟ್ಟೆ. ಇನ್ನೊಂದು — ಇದನ್ನು ಹೇಳಲೋ ಬೇಡವೋ — ನಿನ್ನ ಮಡಿಲಲ್ಲಿ ಆ ಕೂಸು ನೋಡಿದಾಗ ನನಗೆ ಒಮ್ಮೆಯೂ ಹೊಟ್ಟೆ ಉರಿಯಲಿಲ್ಲವೇ? ಉರಿಯಿತು. ಕೆಂಡ ಇಟ್ಟದ್ದು ಪ್ರೀತಿಯಿಂದಲೇ, ಅದು ಸತ್ಯ. ಆದರೆ ಬಾಯಿ ಮುಚ್ಚಿಸಿದ್ದರಲ್ಲಿ ಆ ಉರಿಯೂ ಸ್ವಲ್ಪ ಇತ್ತೋ ಏನೋ. ಇತ್ತು ಅಂತಲೇ ಇಟ್ಟುಕೊ.

ಮುಂದಿನದು ನಿನಗೇ ಗೊತ್ತು. ಹುಚ್ಚಿಯ ಕೈಗೆ ಮಗು ಕೊಡುವುದಿಲ್ಲ ಅಂದರು. ಲೋಕೇಶ ಬೇರೆ ಮದುವೆಯಾದ. ನಿನ್ನ ಮಗಳು ಚೈತ್ರ ಇನ್ನೊಬ್ಬಳನ್ನು ಅಮ್ಮ ಅಂದುಕೊಂಡು ಬೆಳೆದಳು, ಹೆತ್ತವಳು ಚಳಿಯಲ್ಲಿ ಸಾಯಿಸಲು ನೋಡಿದಳು ಅಂತ ಕೇಳಿಕೊಂಡು ಬೆಳೆದಳು. ನಿಮ್ಮಣ್ಣ ತಂಗಿಗೆ ಅಂತ ಆ ಕೋಣೆಯನ್ನೇ ಕೊಟ್ಟರು, ನೀನು ಬೇಡ ಅನ್ನಲಿಲ್ಲ. ದಿನಾ ಸಂಜೆ ದೀಪ ಹಚ್ಚಿದ ಮೇಲೆ ನಿನ್ನ ಅಂಗೈಗೆ ಮಾತ್ರೆ ಹಾಕಿದವಳು ನಾನು. ಬೇಡದ ಮಾತ್ರೆ ಅಂತ ಗೊತ್ತಿದ್ದೂ ನೀರು ಕೊಟ್ಟು, ನುಂಗಿದೆಯಾ ಅಂತ ಬಾಯಿ ನೋಡಿದವಳು ನಾನು. ನಿನ್ನ ಕೈ ನಡುಗಲು ಶುರುವಾದ ಮೇಲೆ ಸೂಜಿಗೆ ದಾರ ಪೋಣಿಸಿ ಕೊಡುವವಳೂ ನಾನೇ. ಅಕ್ಕಪಕ್ಕದವರು, "ಎಂಥಾ ಅತ್ತಿಗೆ ಸಿಕ್ಕವ್ರೆ ಕಣಮ್ಮ ನಿಂಗೆ" ಅನ್ನುವಾಗ ನಾನು ತಲೆ ತಗ್ಗಿಸುತ್ತಿದ್ದೆ. ಅವರು ಅದನ್ನೂ ನನ್ನ ದೊಡ್ಡತನ ಅಂದುಕೊಂಡರು.

ನಿಮ್ಮಣ್ಣ ಹೋಗುವ ಎರಡು ವರ್ಷ ಮುಂಚೆ ಕಾರು ಬಂತು, ಯಾರೋ ಓಡಿಸಿ ಬಿಟ್ಟದ್ದು. ಅವರು ಹೋದ ಮೇಲೆ ಮಾರಿದೆವು. ಶೆಡ್ಡು ಮತ್ತೆ ಖಾಲಿ. ಆದರೂ ಚಳಿಗಾಲದಲ್ಲಿ ನಿನ್ನ ಕೋಣೆ ಗುಡಿಸುವಾಗ ಎಲ್ಲ ಕಡೆ ಕೊರೆಯುವ ನೆಲ, ಆ ಮೂಲೆಗೆ ಬಂದಾಗ ಮಾತ್ರ ಕಾಲಿಗೆ ಬೆಚ್ಚಗೆ ತಗಲುತ್ತದೆ. ಶೆಡ್ಡಿಗೆ ಇಳಿದು ನೋಡಿದ್ದೇನೆ, ಅಲ್ಲೇನೂ ಇಲ್ಲ. ನನ್ನ ಭ್ರಮೆ ಅಂದುಕೊಳ್ಳುತ್ತೇನೆ. ಆದರೆ ನೀನೂ ಆ ಮೂಲೆಗೆ ಪೆಟ್ಟಿಗೆಯನ್ನಾಗಲಿ ಚಾಪೆಯನ್ನಾಗಲಿ ಇಡುವುದಿಲ್ಲ, ಖಾಲಿ ಬಿಟ್ಟಿದ್ದೀಯ. ಯಾಕೆ ಅಂತ ನಾನು ಕೇಳಿಲ್ಲ.

ಹೋದ ತಿಂಗಳು ನನ್ನ ಕನ್ನಡಕದ ಕಡ್ಡಿ ಮುರಿಯಿತಲ್ಲ. ಹೊಸದು ಯಾಕೆ ಅತ್ತಿಗೆ, ತನ್ನಿ ಇಲ್ಲಿ ಅಂತ ನಿನ್ನ ಉಂಡೆಯಿಂದ ಬಿಳಿ ದಾರ ತೆಗೆದು ಬಿಗಿಯಾಗಿ ಸುತ್ತಿದೆ. ನೀನೇ ನನ್ನ ಮೂಗಿನ ಮೇಲೆ ಇಟ್ಟೆ. ಇಟ್ಟು ನನ್ನ ಮುಖ ನೋಡಿದವಳು ಥಟ್ಟನೆ ಕೈ ಹಿಂದಕ್ಕೆ ತೆಗೆದೆ. ಕೆಳಗೆ ಬಂದು ಕನ್ನಡಿ ನೋಡಿಕೊಂಡೆ. ಬಿಳಿ ಕೂದಲು, ದಾರ ಸುತ್ತಿದ ಕಡ್ಡಿ. ಗಾಬರಿಗೆ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದೆ.

ಅವಳು ಯಾರು ಅಂತ ಅವತ್ತು ನೀನು ಕೇಳಿದ್ದೆ.

ವಿಷದ ಗಾಳಿ ಇಲ್ಲದ್ದನ್ನು ತೋರಿಸುತ್ತದೆ ಅಂತ ಡಾಕ್ಟರು ಹೇಳಿದ್ದು ಸರಿಯೇ ಇರಬಹುದು. ಇಲ್ಲದ್ದನ್ನು ಮಾತ್ರ ತೋರಿಸಿತೋ, ಇನ್ನೂ ಬಾರದ್ದನ್ನು ತೋರಿಸಿತೋ — ನನಗೆ ಗೊತ್ತಿಲ್ಲ. ಗೊತ್ತಿರುವುದು ಒಂದೇ. ಅವತ್ತು ಆ ಮೂಲೆಯಲ್ಲಿ ಕೂತವಳಿಗೆ ಎಲ್ಲ ಗೊತ್ತಿತ್ತು, ಅವಳು ಬಾಯಿ ಬಿಡಲಿಲ್ಲ.

ನಿನ್ನೆ ಚೈತ್ರ ಫೋನು ಮಾಡಿದ್ದಳು. ಪಿಯುಸಿ ಮುಗಿಯುತ್ತಲೇ ಮದುವೆ ಮಾಡಿದರು, ಈಗ ಅವಳ ಮಡಿಲಲ್ಲೂ ಒಂದು ಮಗು. "ಅತ್ತೆ, ಅಮ್ಮನ ಸನ್ನಿ ಮಗಳಿಗೂ ಬರುತ್ತಂತೆ ಅಂತ ಇಲ್ಲಿ ನನ್ನ ಒಬ್ಬಳನ್ನೇ ಮಗು ಹತ್ರ ಬಿಡಲ್ಲ. ನಾನು ಒಂದ್ಸಲ ಅಮ್ಮನ್ನ ನೋಡಬೇಕು. ಮಗೂನ ಅವಳ ಕೈಗೆ ಕೊಡಬೇಕು," ಅಂದಳು. ಭಾನುವಾರ, ಅಂದರೆ ನಾಳೆ, ಬರುತ್ತಾಳೆ. ಇವತ್ತು ಬೆಳಿಗ್ಗೆ ನಿನಗೆ ಹೇಳಿದರೆ ನೀನು ಸೂಜಿ ಕೆಳಗಿಟ್ಟು, "ನಾಳೆ ನಾನು ಅಂಗಡಿ ಕಡೆ ಹೋಗಿರ್ತೀನಿ ಅತ್ತಿಗೆ. ಮಗೂನ ನನ್ ಕೈಗೆ ಕೊಡೋದು ಬೇಡ, ನನ್ನ ನಂಬಬ್ಯಾಡಿ" ಅಂದೆ. ಅಂದು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ. ಬೀದಿಯಲ್ಲಿ ಯಾರಾದರೂ ಮಗು ಎತ್ತಿಕೊಂಡು ಬಂದರೂ ನೀನು ಹೀಗೇ ಕಟ್ಟಿಕೊಳ್ಳುತ್ತೀಯ. ಅವತ್ತು ಲೋಕೇಶ ತಿರುಗಿಸಿ ಹಿಡಿದಿದ್ದನಲ್ಲ, ಹಾಗೆಯೇ. ಹಿಡಿದವನು ಬಿಟ್ಟುಹೋದ, ಕೈಗಳು ಅಲ್ಲೇ ಉಳಿದವು.

ಬೇಳೆ ಬೆಂದಿದೆ. ಒಲೆ ಆರಿಸಿದೆ. ಮೆಟ್ಟಿಲು ಹತ್ತುತ್ತಿದ್ದೇನೆ, ಮಂಚ ಸಿಕ್ಕಿಹಾಕಿಕೊಂಡ ತಿರುವು ದಾಟಿದೆ. ನನ್ನನ್ನು ಕ್ಷಮಿಸು ಅಂತ ಕೇಳುವುದಿಲ್ಲ. ಹೇಳಿದ ಮೇಲೆ ನೀನು ನನ್ನ ಮುಖ ನೋಡದಿದ್ದರೆ ಅದು ನ್ಯಾಯವೇ. ನಾಳೆ ಚೈತ್ರಳಿಗೆ ಹೇಳುತ್ತೇನೆ, ಅವಳ ಗಂಡನ ಮನೆಗೆ ಹೋಗಿ ಅವರಿಗೂ ಹೇಳುತ್ತೇನೆ. ಸೋಮವಾರ ನಿನ್ನ ಜೊತೆ ಆಸ್ಪತ್ರೆಗೆ ಬಂದು ಡಾಕ್ಟರ ಮುಂದೆಯೂ ಹೇಳುತ್ತೇನೆ. ಅವತ್ತು ಕೇಳಿದ ಪ್ರಶ್ನೆಗೆ ಈಗಲಾದರೂ ಉತ್ತರ ಕೊಡಬೇಕು.

ಬಾಗಿಲು ತೆರೆದೇ ಇದೆ. ನೀನು ತಲೆ ಎತ್ತಿ ನೋಡುತ್ತಿದ್ದೀಯ. ನಾನು ನಿನ್ನ ಪಕ್ಕ ಕೂರುವುದಿಲ್ಲ ಗಿರಿಜಾ, ಆ ಮೂಲೆಯಲ್ಲಿ ಕೂರುತ್ತೇನೆ. ಹೆದರಬೇಡ. ಸೆರಗು ಬಾಯಿಂದ ತೆಗೆದಿದ್ದೇನೆ.

ಆಯಮ್ಮ ಯಾರು ಅಂತ ಕೇಳಿದ್ದೆಯಲ್ಲ, ನಾನೇ ಕಣೇ. ಮಗುವನ್ನು ಎತ್ತಿಕೊಂಡು ಮಂಜಿಗೆ ಓಡಿದೆಯಲ್ಲ, ಅವತ್ತು ನೀನು ನಿನ್ನ ಮಗಳನ್ನು ಸಾಯಿಸಲು ಹೋಗಲಿಲ್ಲ, ಉಳಿಸಿದೆ. ಈ ಮನೆಯಲ್ಲಿ ಅವತ್ತು ಬುದ್ಧಿ ನೆಟ್ಟಗಿದ್ದದ್ದು ನಿನಗೊಬ್ಬಳಿಗೇ. ನಾಳೆ ಚೈತ್ರ ಬರುತ್ತಾಳೆ. ಕೈ ಮುಂದೆ ತಾ.